ಪಾಲಾಕ್ಷನ ಬೆನ್ನು

ಬೆಳಿಗ್ಗೆ ಆರಕ್ಕೆ ಬಚ್ಚಲಿನಿಂದ ಕೂಗಿದ: ಅಕ್ಕಾ,
ಇದು ಹೋಗ್ತಾ ಇಲ್ಲ ಮಾರಾಯ್ತಿ.

ಹೋಗಿ ನೋಡಿದರೆ
ಒಗೆಯುವ ಕಲ್ಲಿನ ಮೇಲೆ ಚಡ್ಡಿಯಲ್ಲಿ ಕೂತಿದೆ
ಎಪ್ಪತ್ತು ಕೆಜಿ ವಿಭಾಗದ ನಾಲ್ಕನೇ ಸ್ಥಾನ.
ಎದೆಯ ಮೇಲೆ ಚಹಾ ಚೆಲ್ಲಿದ ನಕಾಶೆ,
ಕಂಕುಳಲ್ಲಿ ಬೆಳ್ಳಗೆ ಎರಡು ಕಿಟಕಿ,
ಮೊಣಕಾಲ ಚಿಪ್ಪು ದೋಸೆ ಕಾವಲಿಯ ತಳ,
ಕುತ್ತಿಗೆಯಿಂದ ಬೆವರು ಇಳಿದ ದಾರಿಗಳು
ಒಂದೊಂದೂ ಒಂದೊಂದು ಊರಿಗೆ ಹೋಗುವ ಹಾಗೆ.

ನಿನ್ನೆ ಭದ್ರಾವತಿಯಲ್ಲಿ, ವೇದಿಕೆಯ ಹಿಂದೆ,
ಜಿಮ್ಮಿನ ಹುಡುಗರಿಬ್ಬರು
ಗೋಡೆಗೆ ಪೇಂಟು ಹೊಡೆಯುವ ರೋಲರಿನಲ್ಲೇ
ಎರಡು ಕೋಟು ಹೊಡೆದರಂತೆ.
ಬಾಟಲಿಗೆ ಆರುನೂರೈವತ್ತು.
ಬಿಳಿ ಮೈಲಿ ಕಟ್ಸು ಕಾಣಲ್ಲಕ್ಕಾ,
ಲೈಟು ಬಿದ್ರೆ ಎಲ್ಲಾ ಇಡ್ಲಿ ಥರ.
ಕಪ್ಪಿದ್ರೇ ಗೀರು ಗೀರಾಗಿ ಕಾಣೋದು.

ಕಪ್ಪಿದ್ದರೇ ಕಾಣೋದು.
ಒಳ್ಳೆಯದು ಅಂದುಕೊಂಡು ನಿಂಬೆಹಣ್ಣು ಹೆಚ್ಚಿದೆ.

ಹತ್ತು ಗಂಟೆಗೆ ಅವನು ಗಾಂಧಿಬಜಾರಿನಲ್ಲಿರಬೇಕು,
ಸೊಸೈಟಿಯ ಪಿಗ್ಮಿ ಕಲೆಕ್ಟರು.
ಬಳೆ ಅಂಗಡಿ, ಪಾತ್ರೆ ಅಂಗಡಿ, ಅತ್ತರಿನ ಸಾಬರು,
ಐವತ್ತು ನೂರು ಎಣಿಸಿ ರಶೀದಿ ಹರಿದು ಕೊಡುವ ಕೈ.
ಆ ಕೈ ಈಗ ಮಣಿಕಟ್ಟಿನವರೆಗೆ ಒಂದು ಜಾತಿ,
ಮೇಲೆ ಇನ್ನೊಂದು.
ಎಂತ ಆಯ್ತೋ, ಸುಟ್ಟುಕೊಂಡ್ಯಾ?
ದಿನಕ್ಕೆ ಎಂಬತ್ತು ಸಲ ಉತ್ತರ ಹೇಳಬೇಕು.

ಮೊದಲು ಕೊಬ್ಬರಿ ಎಣ್ಣೆ, ಅರ್ಧ ಗಂಟೆ ನೆನೆಯಲಿ.
ಆಮೇಲೆ ಸಕ್ಕರೆಗೆ ನಿಂಬೆರಸ.
ಅಡುಗೆ ಸೋಡ ಉರಿಯುತ್ತೆ ಅಂದ, ಬಿಟ್ಟೆ.
ಹೀರೇಕಾಯಿ ನಾರು, ತಂಬಿಗೆ ತಂಬಿಗೆ ಬಿಸಿನೀರು.
ಅಮ್ಮ ಬಾಗಿಲಲ್ಲಿ ನಿಂತು ಕಡ್ಲೆಹಿಟ್ಟಿನ ಡಬ್ಬಿ ಚಾಚಿದಳು,
ಯಾರಿಗೆ ಅಂತ ಕೇಳದೆ.
ನನ್ನ ಹದಿನೇಳರಿಂದ ಇಪ್ಪತ್ತೊಂಬತ್ತರವರೆಗೆ
ಪ್ರತಿ ಶುಕ್ರವಾರ ಬಚ್ಚಲಿಗೆ ಬರುತ್ತಿದ್ದ ಡಬ್ಬಿ.
ಮುಚ್ಚಳ ಮಾತ್ರ ಬೇರೆ.

ಆಗ ಬಣ್ಣ ಹೋಗಲಿಲ್ಲ.
ಎರಡು ಮನೆಯವರು ಉಪ್ಪಿಟ್ಟು ತಿಂದು ಹೋದರು.
ತೀರ್ಥಹಳ್ಳಿಯವರು ಫೋಟೋ ಅಂಚೆಯಲ್ಲೇ ವಾಪಸ್ ಕಳಿಸಿದರು,
ಸ್ಟಾಂಪಿನ ದುಡ್ಡು ಅವರದೇ, ಪಾಪ.
ನನ್ನದು ಮೆಗ್ಗಾನ್ ಆಸ್ಪತ್ರೆಯಲ್ಲೇ ಹಚ್ಚಿ ಕೊಟ್ಟದ್ದು,
ರೋಲರಿನ ಗುರುತಿಲ್ಲ, ಎಲ್ಲೂ ಕೋಟು ತಪ್ಪಿಲ್ಲ.
ಈಗ ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ.
ನರ ಸಿಗದವರನ್ನೆಲ್ಲ ನನ್ನ ಕುರ್ಚಿಗೇ ಕಳಿಸುತ್ತಾರೆ.

ತಿರುಗು, ಅಂದೆ.
ಅಷ್ಟಗಲ ಬೆನ್ನು! ಎರಡು ಗೇಣಿದ್ದಾಗ
ಇದಕ್ಕೇ ಬೆವರುಸಾಲೆ ಪೌಡರು ಹಚ್ಚುತ್ತಿದ್ದೆ.
ಉಪ್ಪಿಲ್ಲದ ಕೋಳಿ, ಮೊಟ್ಟೆಯ ಬಿಳಿ,
ಇನ್ನೂ ಸಾಲ ತೀರದ ಪ್ರೋಟೀನ್ ಡಬ್ಬ
ಎಲ್ಲ ಇಲ್ಲಿ ಗಟ್ಟಿಯಾಗಿ ಕೂತಿದೆ.
ಉಜ್ಜಿದೆ. ಕಂದು ನೀರು ಮೋರಿಗೆ ಇಳಿಯಿತು.
ಕಾಂಪೌಂಡಿನಾಚೆಯಿಂದ ಜುಲೇಖಾಬಿ:
ಏನ್ರೀ, ನಿಮ್ಮ ಮೋರಿಗೆ ಮೆಹಂದಿ ಶಾಸ್ತ್ರವಾ?

ಅಕ್ಕಾ, ನಿಂಗೆ ಬೇಜಾರಾ?
ಎಂತಕ್ಕೆ?
ಸುಮ್ಮನೆ.
ಸ್ವಲ್ಪ ಹೊತ್ತು ಬಿಟ್ಟು,
ಗೋಡೆಗೆ ಹೇಳುವ ಹಾಗೆ:
ನಿನ್ನ ಫೋಟೋ ತೋರಿಸಿಯೇ ಶೇಡ್ ಆರಿಸಿದ್ದು.

ನೀರು ಹೊಯ್ದೆ. ಬಿಸಿ ಜಾಸ್ತಿಯಿತ್ತೇನೋ,
ಹಾರಿಬಿದ್ದ.

ಒಂಬತ್ತೂವರೆಗೆ ತುಂಬು ತೋಳಿನ ಅಂಗಿ ತೊಟ್ಟು ಹೊರಟ.
ಕಿವಿಯ ಹಿಂದೆ ಇನ್ನೂ ಸ್ವಲ್ಪ, ಉಗುರಿನ ಬುಡದಲ್ಲಿ ಸ್ವಲ್ಪ.
ಬ್ಯಾಗಿನಲ್ಲಿ ಸಮಾಧಾನಕರ ಬಹುಮಾನದ ಟಿಫಿನ್ ಕ್ಯಾರಿಯರು,
ಒಳಗೆ ಮೂರು ತಿಂಗಳ ನಂತರದ ಮೊದಲ ಚಿತ್ರಾನ್ನ.

ಬಚ್ಚಲು ತೊಳೆದು ಕೈ ಒರೆಸುವಾಗ ನೋಡಿದೆ,
ನನ್ನ ಅಂಗೈ.
ಮೈಯಲ್ಲಿ ಬೆಳ್ಳಗಿದ್ದದ್ದು ಅದೊಂದೇ.
ಬಂದವರ ಮುಂದೆ ಕಾಫಿ ತಟ್ಟೆ ಹಿಡಿದಾಗ
ಅದು ಕಾಣುವ ಹಾಗೆ ಹಿಡಿ ಎಂದು
ಸೋದರತ್ತೆ ಹೇಳಿಕೊಟ್ಟಿದ್ದಳು.
ಈಗ ಅದೂ ಮುಂಗೈಗೆ ಹೊಂದಿಕೊಂಡಿದೆ,
ಗೆರೆಗಳೆಲ್ಲ ಗೀರು ಗೀರಾಗಿ ಕಾಣುತ್ತಿವೆ.

ಅರ್ಧ ನಿಂಬೆ ಉಳಿದಿತ್ತು.
ಪಾನಕ ಮಾಡಿ ಕುಡಿದೆ.