ಏಳಲ್ಲ, ಒಂದು

ರೈಲು ಐವತ್ತು ನಿಮಿಷ ತಡ.
ಶಿರವಾಡದ ಪ್ಲಾಟ್‌ಫಾರ್ಮಿನಲ್ಲಿ ಇಳಿದವರು ಹದಿನಾಲ್ಕು ಜನ.
ಎಣಿಸಿದೆ; ಎಣಿಸುವುದು ಅಭ್ಯಾಸ.
ಹನ್ನೆರಡು ಮಂದಿಗೆ ಬೈಕು, ಭಾವ, ನೇವಿಯ ಜೀಪು.
ಒಬ್ಬ ಚೀಲವನ್ನೇ ತಲೆದಿಂಬು ಮಾಡಿ
ಬೆಂಚಿನ ಮೇಲೆ ಮಲಗಿಬಿಟ್ಟ.
ಉಳಿದವಳು ನಾನು.

ಆ್ಯಪಿನಲ್ಲಿ ಪುಟ್ಟ ಕಾರೊಂದು
ತಿರುಗಿ ತಿರುಗಿ ಸುಸ್ತಾಗಿ
‘ಹತ್ತಿರದಲ್ಲಿ ಯಾರೂ ಇಲ್ಲ’ ಎಂದಿತು.
ಗೊತ್ತಿದ್ದ ಮಾತನ್ನೇ ಹೇಳಲು
ಇದ್ದಬದ್ದ ಬ್ಯಾಟರಿ ಕುಡಿದು.

ಹೊರಗೆ ಬಾದಾಮಿ ಮರದ ಕೆಳಗೆ ಒಂದೇ ಆಟೋ.
ಹತ್ತುವ ಮೊದಲು ಹಿಂದೆ ಹೋಗಿ ನಂಬರು ನೋಡಬೇಕು,
ನೋಡಿದ್ದು ಅವನಿಗೆ ಕಾಣಬೇಕು.
ಮಡಗಾಂವಿನ ಔಷಧಿ ಅಂಗಡಿಯಲ್ಲಿ
ಪಕ್ಕದ ಕೌಂಟರಿನ ಕ್ಲೊತಿಲ್ಡಾ ಕಲಿಸಿದ್ದು.
ಬ್ಯಾಗು ತೊಡೆಯ ಮೇಲೆ, ಬೀಗದ ಕೈ ಬೆರಳ ಸಂದಿಯಲ್ಲಿ,
ಕೂರುವುದು ಎಡಕ್ಕೆ, ಹಾರುವುದಾದರೂ ಎಡಕ್ಕೆ.
ಆಮೇಲೆ ಫೋನು ಕಿವಿಗೆ.

ಆ ತುದಿಯಲ್ಲಿ ದತ್ತಾರಾಮಣ್ಣ.
ನನಗೆ ಅಣ್ಣನಿಲ್ಲ.
ಮೂರು ವರ್ಷದ ಹಿಂದೆ, ಇದೇ ರಸ್ತೆಯಲ್ಲಿ,
ಕನ್ನಡಿಯೊಳಗೆ ಎರಡು ಕಣ್ಣು ತುಸು ಹೆಚ್ಚೇ ಹೊತ್ತು ನಿಂತ ರಾತ್ರಿ
ಅವನು ಹುಟ್ಟಿದ, ಮೀಸೆ ಸಮೇತ.
ಮೊದಲು ಹೋಮ್‌ಗಾರ್ಡ್, ಆಮೇಲೆ ಕಾನ್‌ಸ್ಟೇಬಲ್,
ಹೋದ ಚೌತಿಗೆ ಹೆಡ್ ಮಾಡಿದೆ.
ಇಷ್ಟು ಮಾತಾಡಿ ಮಾತಾಡಿ ಅವನಿಗೂ ಒಂದು ಸ್ವಭಾವ ಬಂದಿದೆ:
ಊಟ ಬಿಟ್ಟು ಕಾಯುತ್ತಾನೆ,
ತಡವಾದರೆ ಬೈಯುತ್ತಾನೆ.

“ಹಾಂ ಅಣ್ಣಾ, ಹತ್ತಿದೆ. ನಂಬರು ಬರ್ಕೊ.
ಕೆಎ ಮೂವತ್ತು... ಕೊನೆಗೆ ನಾಲ್ಕು, ಎಂಟು, ಏಳು, ಎರಡು.”

“ಏಳಲ್ಲ, ಒಂದು,” ಎಂದ ಡ್ರೈವರು, ತಿರುಗದೆ.
“ಪೇಂಟರು ಒಂದರ ತಲೆ ಸೊಟ್ಟ ಮಾಡಿಟ್ಟ.
ಸರಿಯಾಗಿ ಬರೆಸಿ, ಅಕ್ಕೋರೇ.”

ಅಕ್ಕೋರೇ! ಬ್ಯಾಗು ನೋಡಿ ಶಾಲೆಯವಳು ಅಂದುಕೊಂಡನೋ.
ಅಲ್ಲ ಎನ್ನಲಿಲ್ಲ; ಇದ್ದ ಸುಳ್ಳನ್ನು ಒತ್ತರಿಸಿ
ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಕೊಟ್ಟೆ.
“ಒಂದಂತೆ, ಅಣ್ಣಾ.”
ಫೋನು ಆಗಲೇ ಸತ್ತಿತ್ತು.
ಕಪ್ಪು ಗಾಜು ಕೆನ್ನೆಗೆ ತಣ್ಣಗೆ.

ಹಬ್ಬುವಾಡ ದಾಟಿ
ನೇರ ಹೋಗಬೇಕಾದಲ್ಲಿ ಆಟೋ ಎಡಕ್ಕೆ ಹೊರಳಿತು.
ದೀಪವಿಲ್ಲ. ಒಂದು ಪಾಗಾರ, ಪಾಗಾರದ ಮೇಲೊಂದು ಬೆಕ್ಕು.
ಕ್ಲೊತಿಲ್ಡಾ ಹೇಳಿದ್ದೆಲ್ಲ ಮರೆತುಹೋಯಿತು,
ಬೀಗದ ಕೈಯೊಂದು ಬಿಟ್ಟು.
“ಅಣ್ಣಾ, ಹಿಂದಿನ ಗಲ್ಲಿಯಲ್ಲಿ ಬರ್ತಾ ಇದ್ದೇವೆ!”
ಕಿವುಡನಿಗೆ ಹೇಳಿದಂತೆ ಕೂಗಿದೆ, ಸತ್ತ ಫೋನಿಗೆ.
“ಪೈಪಿಗೆ ರಸ್ತೆ ಅಗೆದಿದ್ದಾರೆ ಅಂತ ಹೇಳಿ ಅವರಿಗೆ.”
ಹೇಳಿದೆ.
ಇಬ್ಬರೂ ಸೇರಿ ಇಲ್ಲದವನಿಗೆ ದಾರಿ ಒಪ್ಪಿಸುತ್ತ ಹೋದೆವು:
ಇಗೋ ಹೊಂಡ, ಇಗೋ ಮೀನಿನ ಲಾರಿ,
ಇಗೋ ಕಾಜುಬಾಗ, ಮತ್ತೆ ಡಾಂಬರು.

ಕೋಡಿಬಾಗದಲ್ಲಿ ಇಳಿದದ್ದು ನಮ್ಮ ಮನೆಯೆದುರು ಅಲ್ಲ,
ಎಂದೂ ಅಲ್ಲ. ಎರಡು ಮನೆ ಆಚೆ, ನಾಯಿ ಇರುವ ಗೇಟು.
ನಾಯಿಗೆ ನನ್ನ ಗುರುತುಂಟು,
ಬೊಗಳುವುದಿಲ್ಲ; ಅದೇ ತೊಂದರೆ.

ಚಿಲ್ಲರೆ ಹುಡುಕುತ್ತ ಅವನೆಂದ:
“ಹೋದ ತಿಂಗಳು ಆ ನೀಲಿ ಗೇಟಿಗೆ ಬಿಟ್ಟಿದ್ದೆ ನಿಮ್ಮನ್ನ.”
ಹತ್ತು ರೂಪಾಯಿಯ ನೋಟು ಬಿಡಿಸಿ ಕೊಟ್ಟು,
“ಅಣ್ಣನವರಿಗೆ ನಮಸ್ಕಾರ ಹೇಳಿ.
ಹೆಡ್ ಆದರಂತಲ್ಲ.”

ನಕ್ಕನೋ ಏನೋ.
ಅವನ ಮುಖ ನಾನಿನ್ನೂ ನೋಡಿಯೇ ಇರಲಿಲ್ಲ.
ನೋಡಿದ್ದು ಹಿಂದಿನ ನಂಬರು, ಕತ್ತು,
ಕನ್ನಡಿಯಲ್ಲಿ ಅರ್ಧ ಹುಬ್ಬು.

ಆಟೋ ಮರೆಯಾಗುವ ತನಕ
ಬೇರೆಯವರ ಗೇಟು ಹಿಡಿದು ನಿಂತೆ.
ಕೆಂಪು ದೀಪದ ಕೆಳಗೆ ಸೊಟ್ಟ ತಲೆಯ ಒಂದು
ಸೇತುವೆಯ ಕಡೆಗೆ ಸಣ್ಣದಾಗುತ್ತ ಹೋಯಿತು.

ಒಳಗೆ ಬಂದು ಚಿಲಕ ಹಾಕಿ, ಚಿಲಕ ಎಳೆದು ನೋಡಿ,
ದಿನಸಿ ಚೀಟಿಯ ಬೆನ್ನಿಗೆ ನಂಬರು ಬರೆದಿಟ್ಟೆ, ಸರಿಯಾಗಿ.
ನಾಳೆಯೂ ಅದೇ ಆಟೋ ನಿಂತಿದ್ದರೆ
ಹತ್ತಬೇಕೋ, ಬಿಡಬೇಕೋ,

ಅಣ್ಣನನ್ನು ಕೇಳಬೇಕು.