ಸ್ವಂತ ಹಲ್ಲು

ಲೋಟದ ನೀರಿನಲ್ಲಿ ಮುಳುಗಿ ನಗುತ್ತಿವೆ
ಮಾಮ್ಗೀಯ ಹಲ್ಲುಗಳು.
ನಮ್ಮ ಕಣಿವೆಯಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.
ನಾನು ಬ್ರಷ್ಷಿನಿಂದ ಉಜ್ಜುತ್ತೇನೆ,
ಮಂಚದಿಂದಲೇ ಅವಳ ಉಸ್ತುವಾರಿ:
"ಹಿಂದಿನದು, ಹಿಂದಿನದು,
ಬಿಸ್ಕತ್ತು ಕೂರುವುದೇ ಅಲ್ಲಿ."

ಮೂವತ್ತೇಳನೇ ಇಸವಿ, ಫೆಬ್ರವರಿ.
ರೋಂಡಾದ ಗಣಿಸಾಲಿನ ಟೆಗ್ವೆನ್‌ಗೆ ಇಪ್ಪತ್ತು ತುಂಬಿತ್ತು,
ಈಸ್ಟರ್ ಹೊತ್ತಿಗೆ ಮದುವೆ.
ಹುಡುಗನ ಕಡೆಯವರು ಟೀಪಾಟು ಕೊಟ್ಟರು,
ಚಿಕ್ಕಮ್ಮ ಉಣ್ಣೆಯ ಹೊದಿಕೆ.
ಅಪ್ಪ ಕೊಟ್ಟದ್ದು
ಬಾಯಿ ಖಾಲಿ ಮಾಡಿಸುವ ಖರ್ಚು.

ಕೆಟ್ಟವು, ಗಟ್ಟಿಯವು, ಒಂದನ್ನೂ ಬಿಡದೆ.
ಹೆಣ್ಣು ಕೊಟ್ಟ ಮೇಲೆ ಅವಳ ಹಲ್ಲುನೋವು
ಅಳಿಯನ ಜೇಬಿಗೆ ಬೀಳಬಾರದು ನೋಡಿ.
ಕ್ರೌರ್ಯ ಎಂದು ಯಾರಿಗೂ ಅನಿಸಲಿಲ್ಲ,
ಮುನ್ನೆಚ್ಚರಿಕೆ ಎಂದರು.
ಡಾಕ್ಟರೇ ಹೇಳುತ್ತಿದ್ದರಂತೆ:
ಹಲ್ಲಿನ ಬುಡದಲ್ಲಿ ವಿಷ ಜಿನುಗುತ್ತದೆ,
ಅಲ್ಲಿಂದ ಮಂಡಿಗೆ, ಗುಂಡಿಗೆಗೆ, ಕೊನೆಗೆ ತಲೆಗೆ.
ಪಕ್ಕದ ಸಾಲಿನ ಐವರ್ ಮಂಡಿನೋವಿಗೆಂದು ಎಲ್ಲ ಕೀಳಿಸಿದ.
ಮಂಡಿ ನೋಯುತ್ತಲೇ ಇತ್ತು,
ಹಲ್ಲನ್ನು ದೂರುವ ಹಾಗಿರಲಿಲ್ಲ, ಅಷ್ಟೆ.

ಶನಿವಾರ ಮಧ್ಯಾಹ್ನ, ಪ್ರಾಸರ್‌ನ ಮಹಡಿ.
ಮೂಗಿಗೆ ರಬ್ಬರಿನ ವಾಸನೆ.
ಎಣಿಸಮ್ಮ ಎಂದ.
ಒಂಬತ್ತರವರೆಗೆ ಎಣಿಸಿದ ನೆನಪು.
ಎದ್ದಾಗ ಬಾಯಲ್ಲಿ ಕಬ್ಬಿಣದ ರುಚಿ,
ಎನಾಮಲ್ ಬೋಗುಣಿಯಲ್ಲಿ ಇಪ್ಪತ್ತೇಳು.
"ಹನ್ನೊಂದು ಹುಳುಕು" ಎನ್ನುತ್ತಾಳೆ, ಈಗಲೂ ಖಚಿತವಾಗಿ,
"ಉಳಿದವು ಹಾಗೇ ಇದ್ದವು."
ಹಾಗೇ ಅಂದರೆ?
"ಹಾಗೇ."

ಹಲ್ಲು ಕಚ್ಚಿ ಸಹಿಸಿದಳು ಎಂದು ಬರೆಯಲಾರೆ.
ಕಚ್ಚಲು ಏನಿತ್ತು?
ಆರು ವಾರ ಹಾಲಲ್ಲಿ ನೆನೆದ ಬ್ರೆಡ್ಡು,
ಮೂಗಿನವರೆಗೆ ಮಫ್ಲರು.
ವಸಡು ಆರಿ, ಹೊಸವು ಬಂದವು.

ಮದುವೆಯ ಫೋಟೋದಲ್ಲಿ
ಅವಳು, ಅತ್ತೆ, ಮೂವರು ಗೆಳತಿಯರು,
ಐದು ಬಾಯಿಗೂ ಒಂದೇ ಅಚ್ಚಿನ ನಗು.
ಚಾಪೆಲ್ಲಿನ ಹಾಡುಮೇಳದಲ್ಲಿ
ಸಕಾರ ಬಂದಲ್ಲೆಲ್ಲ
ಹೆಂಗಸರ ಸಾಲು ಒಟ್ಟಿಗೆ ಸಿಳ್ಳೆ ಹಾಕುತ್ತಿತ್ತಂತೆ.
ಅವಳಿಗೇನೂ ದುಃಖವಿರಲಿಲ್ಲ.
ಹಲ್ಲುನೋವಿಲ್ಲದ ಬದುಕು ಎಷ್ಟು ಜನಕ್ಕುಂಟು?

ಯುದ್ಧ ಮುಗಿದು ಸರ್ಕಾರ ಪುಕ್ಕಟೆ ಎಂದಾಗ
ಪ್ರಾಸರ್‌ನ ಮೆಟ್ಟಿಲಿಂದ ಮೀನಂಗಡಿಯವರೆಗೂ ಸರದಿ.

ಆಮೇಲೆ ನನ್ನಮ್ಮನ ಸರದಿ, ಅರವತ್ತೆಂಟರಲ್ಲಿ.
ನಿಶ್ಚಯವಾದ ಹುಡುಗಿ, ಕೈಹಿಡಿದು ಕರೆದೊಯ್ದಳು.
ಪ್ರಾಸರ್ ಸತ್ತು, ಆ ಕುರ್ಚಿಯ ಪಕ್ಕ
ಕಾರ್ಡಿಫ್‌ನಲ್ಲಿ ಓದಿದ ಹೊಸಬ.
ಬಾಯಿ ನೋಡಿದ. ದೀಪ ಆರಿಸಿದ.
"ಎರಡನ್ನು ತುಂಬಿಸುತ್ತೇನೆ.
ಉಳಿದವಕ್ಕೆ ನಾನು ಕೈಹಚ್ಚುವುದಿಲ್ಲ."
ಮಾಮ್ಗೀ ಪರ್ಸು ತೆರೆದು ತೋರಿಸಿದಳು:
"ನಮ್ಮ ಹತ್ತಿರ ದುಡ್ಡಿಲ್ಲ ಅಂದುಕೊಂಡೆಯಾ?"

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ಅಮ್ಮನ ನಾಲಗೆ ಮಾತ್ರ
ಒಳಗೊಳಗೇ ಬೇಲಿಯುದ್ದಕ್ಕೂ ಓಡಿ
ಮತ್ತೆ ಮತ್ತೆ ಎಣಿಸುತ್ತಿತ್ತು.

ನನಗೆ ನೆನಪಿದೆ, ಒಂದು ಸಂಜೆ ಟೀವಿಯಲ್ಲಿ
ಯಾರೋ ಪಂಡಿತ ಇದನ್ನೆಲ್ಲ ಹೇಳಿ
ಅನಾಗರಿಕ ಎಂದ.
ಮಾಮ್ಗೀ ಎದ್ದು ಹೋಗಿ ಟೀವಿ ಆರಿಸಿದಳು.
"ನಮ್ಮಪ್ಪ ಕಟುಕನಲ್ಲ."
ಆ ರಾತ್ರಿ ಯಾರೂ ಟೀವಿ ಹಾಕಲಿಲ್ಲ.

ಈಗ ನನ್ನ ಮಗ ಮಾಕ್ಸೆನ್‌ನ ಹಲ್ಲಿಗೆ ತಂತಿ,
ಮೂರು ವರ್ಷ ಕಾದು ಸಿಕ್ಕ ಸರದಿ.
ಅವನ ಗಲ್ಲ ಹಿಡಿದು, ಟಾರ್ಚು ಬಿಟ್ಟು
ಬಹಳ ಹೊತ್ತು ನೋಡಿದಳು:
"ಇಷ್ಟೆಲ್ಲ ಕಷ್ಟ,
ಇಟ್ಟುಕೊಳ್ಳೋಕಾ?"

ಆಶ್ರಮದ ಹೊಸ ನರ್ಸು ಫಾರಂ ತುಂಬುತ್ತಾಳೆ.
ಕನ್ನಡಕ: ಇದೆ. ಶ್ರವಣಯಂತ್ರ: ಬಲಗಿವಿಗೆ.
ಸ್ವಂತ ಹಲ್ಲು: ಇಲ್ಲ ಎಂದು ಬರೆಯುವಷ್ಟರಲ್ಲಿ
ಬೊಚ್ಚುಬಾಯಿ ಗದರಿತು,
ಲೋಟದ ಕಡೆ ಬೆರಳು:

"ಇಲ್ಲ ಅಂತ ಯಾಕೆ ಬರೀತೀಯ?
ನಮ್ಮಪ್ಪ ಕಂತು ಕಟ್ಟಿದ್ದಾನೆ,
ಹದಿನಾಲ್ಕು ತಿಂಗಳು."