ಎರಡು ಇಂಚು

ಮಾರ್ಲಿಸ್ ಹೌಗೆನ್ ಇಪ್ಪತ್ತೆಂಟು ವರ್ಷ
ಡುಲುತ್ ಊರಿನ ಶಾಲೆಬಸ್ಸು ಓಡಿಸಿದವಳು.
ಬಸ್ಸು ಗುಜರಿಗೆ ಹೋದ ದಿನ
ಅದರ ತುರ್ತು ಕಿಟಕಿಯೊಂದನ್ನು ಬಿಚ್ಚಿ ತಂದು
ಹಿತ್ತಲಲ್ಲಿ ತಾನೇ ಕಟ್ಟುತ್ತಿದ್ದ ಪುಟ್ಟ ಮನೆಯ
ಅಟ್ಟಕ್ಕೆ ಕೂರಿಸಿದಳು.
ಕೈ ಚಾಚಿದರೆ ಗೋಡೆ, ಕಾಲು ಚಾಚಿದರೆ ಬಾಗಿಲು.

ಮನೆ ಕಟ್ಟಿ ನೋಡು ಅಂತಾರಲ್ಲ,
ಅದು ಚಕ್ರವಿಲ್ಲದ ಮನೆಯ ಮಾತು.
ಚಕ್ರವಿದ್ದರೆ ಅದು ಗಾಡಿ,
ಗಾಡಿಯಲ್ಲಿ ಬಾಡಿಗೆಯವರನ್ನು ಮಲಗಿಸುವಂತಿಲ್ಲ.
ಕಳಚಿದರೆ ಮನೆ, ಮನೆಗೆ ಅಡಿಪಾಯ ಬೇಕು,
ಅದೂ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ.
ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು.
ಅದನ್ನು ತುಂಬಲು ಬೇಕಾದ ಇನ್ನೊಂದು ಫಾರಂ
ಮುಂದಿನ ವಾರ.
ಮಾರ್ಲಿಸ್ ಚಕ್ರ ಕಳಚಿದಳು. ಅಗೆದಳು.
ಬೇಸಿಗೆಯೆಲ್ಲ ಅಗೆದಳು.

ಅಕ್ಟೋಬರಿನಲ್ಲಿ ಇನ್ಸ್‌ಪೆಕ್ಟರ್ ಎಲ್ಡನ್ ಸ್ಕೂಗ್ ಬಂದ.
ಬೂಟು ಹೊರಗೆ ಬಿಟ್ಟ.
ಟೇಪು ಎಳೆದ, ಬಿಟ್ಟ, ಎಳೆದ.
ಹೊಗೆಗಂಟೆ ಒತ್ತಿ ಕಿರುಚಿಸಿ ತಲೆಯಾಡಿಸಿದ.
ಏಣಿ ಹತ್ತಿ, ಅಟ್ಟದಲ್ಲಿ ಮೊಣಕಾಲೂರಿ,
ಕಿಟಕಿಯ ಅಗಲ ಎರಡು ಸಲ ಅಳೆದ.
“ಎರಡು ಇಂಚು ಸಾಲದು.”

“ಎರಡು ಇಂಚು!
ಇದರಿಂದ ತಿಂಗಳಿಗೊಮ್ಮೆ ಬಸ್ಸಿನ ಮಕ್ಕಳಷ್ಟನ್ನೂ
ಧುಮುಕಿಸಿದ್ದೇನೆ, ಗಡಿಯಾರ ಹಿಡಿದು. ನೋಡು.”
ಅರವತ್ತೇಳರ ಹೆಂಗಸು ತಲೆ ತೂರಿಸಿದಳು,
ಭುಜ ತೂರಿಸಿದಳು,
ಸೊಂಟದ ಹತ್ತಿರ ನಿಂತಿತು.

ಆಚೆ ಅರ್ಧ ಮಾರ್ಲಿಸ್, ಸರೋವರದ ಗಾಳಿಗೆ.
ಈಚೆ ಅರ್ಧ, ತೇಪೆ ಹಾಕಿದ ಉಣ್ಣೆ ಕಾಲುಚೀಲ.
ನಡುವೆ ನಗರಸಭೆ.

ಆಚೆ ಏನು ಕಂಡಳೋ.
ಅದಿರು ಹೊತ್ತ ಹಡಗೊಂದು ಬಂದರಿಗೆ ತಿರುಗುವಷ್ಟು ಹೊತ್ತು
ಸುಮ್ಮನೇ ಇದ್ದಳಂತೆ.
ಕೊನೆಗೆ, “ಎಳಿ ಮಾರಾಯ.”
ಅವನು ಪಾದ ಹಿಡಿದು ಎಳೆದ.
ಆಮೇಲೆ ಇಬ್ಬರೂ ಅಟ್ಟದ ಮೇಲೆಯೇ ಕೂತು
ಅವಳ ಕಾಫಿ ಕುಡಿದರು.
ಕಾಗದದಲ್ಲಿ ಅವನು ‘ಫೇಲ್’ ಎಂದೇ ಬರೆದ.

ನಾನು ಬಾಡಿಗೆಗೆ ಬಂದದ್ದು ಮಾರ್ಚಿಯಲ್ಲಿ.
ಆಸ್ಪತ್ರೆಯಲ್ಲಿ ರಾತ್ರಿಪಾಳಿ, ಹಗಲು ನಿದ್ದೆ.
ತಲೆದಿಂಬಿನ ಪಕ್ಕ ಹೊಸ ಕಿಟಕಿ,
ಸುತ್ತಲ ಹಲಗೆಗೆ ಇನ್ನೂ ಬೇರೆ ಬಣ್ಣ.
ಎರಡಲ್ಲ, ನಾಲ್ಕು ಇಂಚು ಕೊಯ್ದಿದ್ದಾಳೆ.
ಹಳೆಯದು ಕೋಳಿಗೂಡಿಗೆ ಹೋಗಿದೆ
(ಕೋಳಿಗೂ ಪರ್ಮಿಟ್ ಬೇಕಂತೆ, ಅದು ಬೇರೆ ಕತೆ).

ಪರ್ಮಿಟ್ಟು ಬಾಗಿಲ ಹಿಂದೆ, ಗಾಜಿನೊಳಗಿದೆ.
ಆದರೂ ಕೀಲಿಕೈ ಕೊಡುವ ಮೊದಲು
ಅವಳು ನನ್ನನ್ನು ಅಟ್ಟ ಹತ್ತಿಸಿದಳು,
ತಾನು ಕೆಳಗೆ ಹಿಮದ ಗುಡ್ಡೆಯ ಪಕ್ಕ ನಿಂತು
ಹಾರು ಅಂದಳು.
ಹಾರಿದೆ. ಸೊಂಟದವರೆಗೆ ಹೂತೆ.
ಅವಳು ಗಡಿಯಾರ ನೋಡಿದಳು.
“ಹದಿನಾಲ್ಕು ಸೆಕೆಂಡು.
ಇನ್ನೊಮ್ಮೆ.”